ಪೇಡರ್ ರೆಸೆನ್ ಪಾದ್ರಿಯಲ್ಲ, ಮೇಯರ್
ಎಡ್ಡಾ, ಅಂದರೆ ಐಸ್‌ಲ್ಯಾಂಡಿನಲ್ಲಿ ಬರೆದಿಟ್ಟ ಹಳೆಯ ನಾರ್ಸ್ ದೇವರುಗಳ ಪುರಾಣಗಳನ್ನು ಅಚ್ಚು ಹಾಕಿಸಿದ ಡೆನ್ಮಾರ್ಕಿನ ಪೇಡರ್ ಹಾನ್ಸೆನ್ ರೆಸೆನ್ (1625–1688) ಪಾದ್ರಿಯಾಗಿದ್ದರಾ ಅಂತ ಕೇಳಿದ್ದೀರಿ. ಇಲ್ಲ. ಅಪ್ಪ, ಅಜ್ಜ ಇಬ್ಬರೂ ಬಿಷಪ್, ಹಾಗಾಗಿ ಗೊಂದಲ ಸಹಜ. ಇವರು ಇಟಲಿಯ ಪಾದುವಾದಲ್ಲಿ ಕಾನೂನು ಓದಿ, ಕೋಪನ್‌ಹೇಗನ್‌ನಲ್ಲಿ ಪ್ರೊಫೆಸರ್ ಆದರು. 1664ರಲ್ಲಿ ಅದೇ ಊರಿಗೆ ಮೇಯರ್, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಾಧೀಶ. ಎಡ್ಡಾ ಬಂದದ್ದು 1665ರಲ್ಲಿ, ಅಂದರೆ ಮೇಯರ್ ಕೆಲಸದ ನಡುವೆಯೇ! ಅದೂ ಸುಮ್ನೆ ಒಂದು ಭಾಷೆಯಲ್ಲಲ್ಲ: ಐಸ್‌ಲ್ಯಾಂಡಿಕ್, ಡ್ಯಾನಿಶ್, ಲ್ಯಾಟಿನ್ ಮೂರರಲ್ಲೂ. ನನಗೆ ಜಾಸ್ತಿ ನೋವಾಗುವುದು ಅವರ ಪುಸ್ತಕಗಳ ಗತಿ. ಜೀವಮಾನವಿಡೀ ಕೂಡಿಸಿದ ಸಂಗ್ರಹವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1728ರಲ್ಲಿ ಕೋಪನ್‌ಹೇಗನ್‌ಗೆ ಬಿದ್ದ ದೊಡ್ಡ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. 1685ರಲ್ಲಿ ಅಚ್ಚಾದ ಅದರ ಪಟ್ಟಿ ಉಳಿದಿದೆ. ಅವರ ಬಳಿ ಏನೇನಿತ್ತು ಅಂತ ಅದರಲ್ಲೇ ನೋಡಬಹುದು.