ರಿವೋನಿಯಾ ವಿಚಾರಣೆಯ ಮೂಲ ದಾಖಲೆಗಳು ಎಲ್ಲಿ ಸಿಗುತ್ತವೆ?

ಒಂದೇ ಕಡೆ ಸಿಗುವುದಿಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ವಿಧ್ವಂಸಕ ಕೃತ್ಯದ ಆರೋಪ ಹೊರಿಸಿ ನಡೆಸಿದ ಮಂಡೇಲಾ ಮತ್ತು ಸಂಗಾತಿಗಳ ಈ ವಿಚಾರಣೆಯ (1963–64) ಕಾಗದಪತ್ರಗಳಿಗೆ ಜೋಹಾನ್ಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯದ ಹಿಸ್ಟಾರಿಕಲ್ ಪೇಪರ್ಸ್ ವಿಭಾಗದಿಂದ ಶುರುಮಾಡಿ. ಸಂಗ್ರಹ ಸಂಖ್ಯೆ ಎಡಿ 1844. ಹೆಸರು ಹಾಕಿ ಹುಡುಕುವುದಕ್ಕಿಂತ ಈ ಸಂಖ್ಯೆ ಹಿಡಿದು ಸೂಚಿಪಟ್ಟಿ ತೆರೆಯುವುದು ಸುಲಭ. ಕೋರಿಕೆಯಲ್ಲೂ ಇದನ್ನೇ ಬರೆಯಿರಿ.

ಧ್ವನಿಮುದ್ರಣ ಪ್ರಿಟೋರಿಯಾದ ರಾಷ್ಟ್ರೀಯ ದಾಖಲಾಗಾರದ ಸ್ವತ್ತು. ಅಂದಿನ ನ್ಯಾಯಾಲಯ ಬಳಸಿದ್ದು ಡಿಕ್ಟಾಬೆಲ್ಟ್, ಅಂದರೆ ಬಾಗುವ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸೂಜಿ ಒತ್ತಿದ ಗೀರು. ಚಪ್ಪಟೆಯಾಗಿ ಮಡಚಿಟ್ಟರೆ ಮಡಿಕೆ ಬೀಳುತ್ತದೆ, ಅಲ್ಲಿ ಸೂಜಿ ಹಾರಿ ಮಾತು ತಪ್ಪುತ್ತದೆ. ಇಂಥ 591 ಪಟ್ಟಿಗಳನ್ನು ಫ್ರಾನ್ಸ್‌ನ ರಾಷ್ಟ್ರೀಯ ದೃಶ್ಯ-ಶ್ರವ್ಯ ಸಂಸ್ಥೆ (ಐಎನ್‌ಎ) ಹಳೆಯ ಧ್ವನಿಮುದ್ರಣಗಳನ್ನು ನುಡಿಸುವ ಆರ್ಕಿಯೋಫೋನ್ ಯಂತ್ರದಿಂದ ಡಿಜಿಟಲ್ ರೂಪಕ್ಕೆ ತಂದಿತು. 1964ರ ಏಪ್ರಿಲ್ 20ರ ಮಂಡೇಲಾ ಭಾಷಣ ಎಲ್ಲರಿಗೂ ಗೊತ್ತು. ಸಾಕ್ಷಿಗಳ ಪಾಟೀಸವಾಲು ಕೇಳಿ, ನಿಜವಾದ ಹೂರಣ ಅಲ್ಲಿದೆ.

ಚಿತ್ರ, ಭಿತ್ತಿಪತ್ರ ಬೇಕಿದ್ದರೆ ಕೇಪ್‌ಟೌನ್ ಬಳಿಯ ಮಾಯಿಬುಯೆ ಸಂಗ್ರಹ. ಮಂಡೇಲಾ ಅವರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ (ಎಎನ್‌ಸಿ) ಕಡತಗಳಿಗೆ ಫೋರ್ಟ್ ಹೇರ್ ವಿಶ್ವವಿದ್ಯಾಲಯ.

ಗುಪ್ತಚರ ಕಡತ ಮಾತ್ರ ಸಿಕ್ಕೇ ಸಿಗುತ್ತದೆಂದು ನಂಬಬೇಡಿ. 1993ರಲ್ಲಿ ಕೆಲವೇ ತಿಂಗಳಲ್ಲಿ ರಾಷ್ಟ್ರೀಯ ಗುಪ್ತಚರ ಸೇವೆ ಸುಮಾರು 44 ಟನ್ ಕಾಗದ, ಮೈಕ್ರೋಫಿಲ್ಮ್ ನಾಶಮಾಡಿತೆಂದು ವರ್ಣಭೇದ ಕಾಲದ ದೌರ್ಜನ್ಯಗಳನ್ನು ತನಿಖೆ ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗವೇ ದಾಖಲಿಸಿದೆ.