ಪದ ಗೊತ್ತು, ಮಾತು ತಿಳಿಯದು: ಅಮೆರಿಕದ ಸೀರಿಯಲ್‌ಗಳ ಇಂಗ್ಲಿಷ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಇಂಗ್ಲಿಷ್ ಪತ್ರಿಕೆ ಸಲೀಸಾಗಿ ಓದುತ್ತೇನೆ, ಆಫೀಸಿನ ಇ-ಮೇಲ್‌ಗಳಿಗೂ ತೊಂದರೆಯಿಲ್ಲ. ಅಮೆರಿಕದ ಸೀರಿಯಲ್ ಹಾಕಿದರೆ ಮಾತ್ರ ಸಬ್‌ಟೈಟಲ್ ಇಲ್ಲದೆ ಅರ್ಧವೂ ತಿಳಿಯುವುದಿಲ್ಲ. ಸ್ಲ್ಯಾಂಗ್ ಪದಗಳ ಪಟ್ಟಿ ಬಾಯಿಪಾಠ ಮಾಡಿದೆ, ಪ್ರಯೋಜನವಾಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ದಾವಣಗೆರೆಯ ಓದುಗರು)

ಉತ್ತರ: ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಕಿವಿಗೆ ಸಿಗದೆ ಜಾರುತ್ತಿರುವ ಪದಗಳಲ್ಲಿ ಹೆಚ್ಚಿನವು ನಿಮಗೆ ಚೆನ್ನಾಗಿ ಗೊತ್ತಿರುವ ಪುಟ್ಟ ಪದಗಳೇ. ಬ್ರಿಟನ್ ಮತ್ತು ಅಮೆರಿಕದ 88 ಟಿವಿ ಕಾರ್ಯಕ್ರಮಗಳ ಮಾತುಗಳನ್ನು ಎಣಿಸಿ ನೋಡಿದ 2009ರ ಒಂದು ಅಧ್ಯಯನದಲ್ಲಿ, ಹೆಸರುಗಳ ಜೊತೆಗೆ ಸುಮಾರು 3,000 ಪದಕುಟುಂಬಗಳು (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಗೊತ್ತಿದ್ದರೆ ನೂರಕ್ಕೆ 95 ಪದಗಳು ಪರಿಚಿತವೇ ಎಂದು ಕಂಡುಬಂತು. ಪತ್ರಿಕೆ ಓದುವವರಿಗೆ ಅಷ್ಟು ಪದಗಳ ಬಂಡವಾಳ ಇದ್ದೇ ಇರುತ್ತದೆ. ಕೊರತೆ ಇರುವುದು ಕಿವಿಯ ಅಭ್ಯಾಸದಲ್ಲಿ.

ಕನ್ನಡವನ್ನೇ ನೋಡಿ. 'ಏನು ಮಾಡುತ್ತಾ ಇದ್ದೀಯ' ಎಂದು ಮನೆಯಲ್ಲಿ ಯಾರೂ ಬಿಡಿಸಿ ಕೇಳುವುದಿಲ್ಲ. 'ಏನ್ಮಾಡ್ತಿದ್ಯ' ಎಂದು ಒಂದೇ ಉಸಿರಿಗೆ ಮುಗಿಸುತ್ತೇವೆ. ಪುಸ್ತಕದಿಂದ ಕನ್ನಡ ಕಲಿತವರಿಗೆ ಅದು ಒಂದೇ ಹೊಸ ಪದದಂತೆ ಕೇಳಿಸುತ್ತದೆ. ಅಮೆರಿಕದವರ ಮಾತಿನಲ್ಲಿ ನಿಮಗಾಗುತ್ತಿರುವುದೂ ಇದೇ. ಇನ್ನೊಂದು ವ್ಯತ್ಯಾಸವಿದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಅದರ ಪಾಲಿನ ಸಮಯ ಸಿಗುತ್ತದೆ. ಇಂಗ್ಲಿಷಿನಲ್ಲಿ ಮುಖ್ಯವಾದ ಪದದ ಮೇಲಷ್ಟೇ ಒತ್ತು ಬಿದ್ದು, 'ಟು', 'ಆಫ್', 'ಹಿಮ್', 'ಆರ್', 'ಹ್ಯಾವ್' ಮುಂತಾದವು ನಡುವೆ ಕರಗಿಹೋಗುತ್ತವೆ.

ಹೆಚ್ಚು ಕಾಡುವ ಬದಲಾವಣೆಗಳು ಇವು. ಎರಡು ಸ್ವರಗಳ ನಡುವಿನ 'ಟ' ಮೃದುವಾಗಿ 'ಡ'ಗೆ ಹತ್ತಿರವಾಗುತ್ತದೆ: 'ವಾಟರ್' ಎಂಬುದು 'ವಾಡರ್', 'ಗೆಟ್ ಇಟ್' ಎಂಬುದು 'ಗೆಡಿಟ್'. 'ಡ್' ಆದಮೇಲೆ 'ಯು' ಬಂದರೆ 'ಜ' ಹುಟ್ಟುತ್ತದೆ: 'ಡಿಡ್ ಯು' ಹೋಗಿ 'ಡಿಜು'. 'ಟ್' ಆದಮೇಲೆ ಬಂದರೆ 'ಚ': 'ಡೋಂಟ್ ಯು' ಹೋಗಿ 'ಡೋಂಚು'. 'ಹಿಮ್', 'ಹರ್' ಪದಗಳ 'ಹ' ಉದುರಿ 'ಟೆಲ್ ಹಿಮ್' ಎಂಬುದು 'ಟೆಲಿಮ್' ಆಗುತ್ತದೆ. 'ಗೋಯಿಂಗ್ ಟು' ಕುಗ್ಗಿ 'ಗನ' ಆಗುವುದು ನಿಮಗೆ ಗೊತ್ತಿರಬಹುದು. ವೇಗದ ಮಾತಿನಲ್ಲಿ ಅದೂ ಸವೆದು, 'ಐ ಆಮ್ ಗೋಯಿಂಗ್ ಟು' ಪೂರ್ತಿಯಾಗಿ 'ಆಮನ' ಎಂದಷ್ಟೇ ಉಳಿಯುತ್ತದೆ.

ಎಲ್ಲಕ್ಕಿಂತ ಮೋಸ ಮಾಡುವ ಜೋಡಿ 'ಕ್ಯಾನ್' ಮತ್ತು 'ಕಾಂಟ್'. ಅಮೆರಿಕದಲ್ಲಿ ಎರಡನೆಯದೂ 'ಕ್ಯಾಂಟ್', ಅದರ ಕೊನೆಯ 'ಟ್' ಬಹಳ ಸಲ ಕೇಳಿಸುವುದೇ ಇಲ್ಲ. ಆ 'ಟ್'ಗಾಗಿ ಕಾಯಬೇಡಿ, ಒತ್ತನ್ನು ಗಮನಿಸಿ. 'ಐ ಕನ್ ಗೋ' ಎಂದು ನಡುವಿನ ಪದ ಚುಟುಕಾಗಿ, ಒತ್ತೆಲ್ಲ 'ಗೋ' ಮೇಲೆ ಬಿದ್ದರೆ ಹೋಗಲು ಆಗುತ್ತದೆ ಎಂದರ್ಥ. ನಡುವೆ 'ಕ್ಯಾನ್' ಎಂದು ಸ್ಪಷ್ಟವಾದ ಒತ್ತು ಕೇಳಿ, ಮಾತು ಒಂದು ಕ್ಷಣ ತಡೆದಂತಾದರೆ ಹೋಗಲಾಗದು ಎಂದರ್ಥ. ನಾವು 'ಕ್ಯಾನ್' ಅನ್ನು ಪೂರ್ತಿ ಬಿಡಿಸಿ ಹೇಳುವುದರಿಂದ, ಅಮೆರಿಕದವರು ಅದನ್ನು 'ಆಗದು' ಎಂದು ತಿಳಿದುಕೊಳ್ಳುವುದೂ ಉಂಟು.

ಪ್ರಶ್ನೆ: ದಿನಕ್ಕೆ ಎರಡು ಎಪಿಸೋಡ್ ನೋಡುತ್ತೇನೆ, ಒಂದು ವರ್ಷವಾಯಿತು, ಸುಧಾರಣೆ ಕಾಣುತ್ತಿಲ್ಲ. ಯಾವ ಸೀರಿಯಲ್ ನೋಡಬೇಕು, ಹೇಗೆ ನೋಡಬೇಕು? (ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಸಬ್‌ಟೈಟಲ್ ಹಾಕಿಕೊಂಡು ಪೂರ್ತಿ ಎಪಿಸೋಡ್ ನೋಡುವಾಗ ಕೆಲಸ ಮಾಡುವುದು ಕಣ್ಣು, ಕಿವಿಯಲ್ಲ. ನೋಡುವ ಖುಷಿಯನ್ನು ಬಿಡಬೇಡಿ. ಕಲಿಕೆಗೆ ಮಾತ್ರ ಬೇರೆ ಇಪ್ಪತ್ತು ನಿಮಿಷ ಎತ್ತಿಡಿ, ಅದರಲ್ಲಿ ಎರಡೇ ಎರಡು ನಿಮಿಷದ ದೃಶ್ಯ ತೆಗೆದುಕೊಳ್ಳಿ.

ಮೊದಲು ಸಬ್‌ಟೈಟಲ್ ಇಲ್ಲದೆ ಎರಡು ಸಲ ಕೇಳಿ, ಕೇಳಿಸಿದ್ದನ್ನು ಕೇಳಿಸಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಸ್ಪೆಲಿಂಗ್ ತಲೆಯಲ್ಲಿ ಅಡ್ಡ ಬರುವುದಿಲ್ಲವಾದ್ದರಿಂದ ಇದಕ್ಕೆ ನಮ್ಮ ಲಿಪಿಯೇ ಒಳ್ಳೆಯದು. ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ವ್ಯತ್ಯಾಸವಿದ್ದ ಕಡೆ ಗೆರೆ ಎಳೆಯಿರಿ. ಉದಾಹರಣೆಗೆ ನಿಮ್ಮ ಪುಸ್ತಕದಲ್ಲಿ 'ಐಡ ಟೋಲ್ಡಿಮ್' ಎಂದಿದೆ, ಪರದೆಯಲ್ಲಿ 'ಐ ವುಡ್ ಹ್ಯಾವ್ ಟೋಲ್ಡ್ ಹಿಮ್' ಎಂದು ಬಂತು ಎನ್ನೋಣ. 'ವುಡ್' ಬರೀ 'ಡ್' ಆಗಿದೆ, 'ಹ್ಯಾವ್' ಒಂದು 'ಅ'ಕಾರಕ್ಕೆ ಇಳಿದಿದೆ, 'ಹಿಮ್' ತನ್ನ 'ಹ' ಕಳೆದುಕೊಂಡಿದೆ. 'ನಾನು ಅವನಿಗೆ ಹೇಳಿರ್ತಿದ್ದೆ' ಎಂಬ ಪೂರಾ ಅರ್ಥ ನಿಂತಿರುವುದು ಆ ಒಂದು 'ಅ'ಕಾರದ ಮೇಲೆ. ಇಂಥ ಒಂದು ಸಾಲನ್ನು ಬಿಡಿಸಿದರೆ ಮುಂದೆ ಅದೇ ಅಚ್ಚಿನ ನೂರಾರು ಸಾಲುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಗೆರೆ ಎಳೆದ ಪ್ರತಿ ಜಾಗಕ್ಕೂ ಒಂದು ಗುರುತು ಹಾಕಿ: ಪದವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೇಳಿಸಲಿಲ್ಲವೋ, ಎಲ್ಲ ಪದ ಗೊತ್ತಿದ್ದೂ ಅರ್ಥ ಹೊಳೆಯಲಿಲ್ಲವೋ. ಮೂರಕ್ಕೂ ಮದ್ದು ಬೇರೆ ಬೇರೆ. ಎರಡನೆಯ ಗುರುತು ಬಿದ್ದ ಸಾಲುಗಳನ್ನು ನಟರ ಜೊತೆಜೊತೆಗೇ, ಅದೇ ವೇಗದಲ್ಲಿ ಆರೇಳು ಸಲ ಗಟ್ಟಿಯಾಗಿ ಹೇಳಿ. ಬಾಯಿ ತಿರುಗಿದ ಮಾತನ್ನು ಕಿವಿ ಬೇಗ ಗುರುತಿಸುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಬಹುದು. ಆದರೆ ನಿಧಾನ ಮಾಡಿದ ಮಾತ್ರಕ್ಕೆ ಅಂಟಿಕೊಂಡ ಪದಗಳು ಬಿಡಿಯಾಗುವುದಿಲ್ಲ, ಎಳೆದಂತೆ ಕೇಳಿಸುತ್ತವೆ ಅಷ್ಟೆ. ಎಲ್ಲಿ ಏನಿದೆ ಎಂದು ಪತ್ತೆಹಚ್ಚಲು ಒಮ್ಮೆ ಬಳಸಿ ಮಾಮೂಲಿ ವೇಗಕ್ಕೆ ಮರಳಿ. ಹತ್ತು ಸೆಕೆಂಡ್ ಹಿಂದಕ್ಕೆ ಹೋಗುವ ಬಟನ್ ಇದಕ್ಕಿಂತ ಉಪಕಾರಿ. ಇನ್ನೊಂದು ಎಚ್ಚರ: ಮಾತು ವೇಗವಾದಾಗ ಸಬ್‌ಟೈಟಲ್ ಬರೆಯುವವರು ಸಾಲನ್ನು ಮೊಟಕುಗೊಳಿಸುವುದುಂಟು. ಕೊರಿಯನ್, ಸ್ಪ್ಯಾನಿಷ್ ಸೀರಿಯಲ್‌ಗಳ ಇಂಗ್ಲಿಷ್ ಡಬ್ಬಿಂಗ್‌ಗೂ ಅದರ ಇಂಗ್ಲಿಷ್ ಸಬ್‌ಟೈಟಲ್‌ಗೂ ಬಹಳ ಸಲ ತಾಳೆಯಾಗುವುದಿಲ್ಲ. ಅಭ್ಯಾಸಕ್ಕೆ ಮೂಲತಃ ಇಂಗ್ಲಿಷಿನಲ್ಲೇ ತೆಗೆದದ್ದು ಬೇಕು.

ಯಾವುದನ್ನು ನೋಡಬೇಕು? 'ಫ್ರೆಂಡ್ಸ್' ಹಳೆಯದಾದರೂ ಮೊದಲಿಗೆ ಅದನ್ನೇ ಹೇಳುತ್ತೇವೆ. ಅದನ್ನು ಬಹುಮಟ್ಟಿಗೆ ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಚಿತ್ರೀಕರಿಸಿದರು. ನಗು ಮುಗಿಯಲೆಂದು ನಟರು ತಡೆಯುತ್ತಾರೆ, ಒಬ್ಬರ ಮೇಲೊಬ್ಬರು ಮಾತಾಡುವುದು ಕಡಿಮೆ. ಒಂದೊಂದು ಎಪಿಸೋಡ್ ಸುಮಾರು 22 ನಿಮಿಷ, ಮಾತೆಲ್ಲ ಊಟ, ಬಾಡಿಗೆ, ಪ್ರೀತಿ, ಜಗಳದ ಸುತ್ತ. ಅದರ ಭಾಷೆ 1994ರಿಂದ 2004ರವರೆಗಿನದು ಎಂಬುದು ನೆನಪಿರಲಿ. ಆಮೇಲೆ ಅಮೆರಿಕದ 'ದಿ ಆಫೀಸ್'. ಅದರಲ್ಲಿ ನಗುವಿನ ಸದ್ದಿಲ್ಲ, ಗೊಣಗುವ ಮಾತು ಹೆಚ್ಚು, ಹಾಗಾಗಿ ಕಿವಿಗೆ ಎರಡನೇ ಮೆಟ್ಟಿಲು. ಬಾಲ್ಟಿಮೋರ್ ನಗರದ ಪೊಲೀಸರು ಮತ್ತು ಮಾದಕವಸ್ತು ಮಾರುವವರ ಕಥೆಯಾದ 'ದಿ ವೈರ್' ಅನ್ನು ಕೊನೆಗಿಡಿ. ಅಲ್ಲಿನ ಬೀದಿಮಾತಿಗೆ ಅಮೆರಿಕದವರೇ ಸಬ್‌ಟೈಟಲ್ ಹಾಕಿಕೊಳ್ಳುತ್ತಾರೆ.

ಪ್ರಶ್ನೆ: ಸಬ್‌ಟೈಟಲ್‌ನಲ್ಲಿ ಪ್ರತಿ ಪದವೂ ಗೊತ್ತು, ಒಟ್ಟು ಸಾಲು ಮಾತ್ರ ತಿಳಿಯುವುದಿಲ್ಲ. 'ಟೆಲ್ ಮಿ ಅಬೌಟ್ ಇಟ್' ಎಂದಾಗ ಎದುರಿನವರು ಏನೂ ಹೇಳುವುದೇ ಇಲ್ಲವಲ್ಲ, ಏಕೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಏಕೆಂದರೆ ಅದು 'ಅದನ್ನೇನ್ ಕೇಳ್ತೀಯ' ಎಂಬ ನಮ್ಮ ಉದ್ಗಾರ. ಕೇಳಬೇಡ ಎಂದೂ ಅಲ್ಲ, ಕೇಳು ಎಂದೂ ಅಲ್ಲ. ನನ್ನದೂ ಅದೇ ಪಾಡು ಎಂದು. ಇಂಥ ಮಾತುಗಳಿಗೆ ಪದದ ಅರ್ಥ ಬರೆದುಕೊಂಡರೆ ಏನೂ ಸಿಗುವುದಿಲ್ಲ, ಆ ಹೊತ್ತಿಗೆ ನಾವು ಏನೆನ್ನುತ್ತೇವೋ ಅದನ್ನು ಬರೆಯಬೇಕು. ನಂಬಲಾಗದ ಸುದ್ದಿ ಕೇಳಿ 'ಗೆಟ್ ಔಟ್!' ಎಂದರೆ ಹೊರಗೆ ಹೋಗೆಂದಲ್ಲ, ಗೆಳೆಯರ ನಡುವಿನ ನಮ್ಮ 'ಹೋಗೋ!' ಅದು. 'ಶಟ್ ಅಪ್!' ಕೂಡ ಹಾಗೇ ಬರುತ್ತದೆ, ಕಣ್ಣರಳಿಸಿ ಹೇಳಿದರೆ ಬೆರಗು, ಗಂಟಲು ಬಿಗಿದು ಹೇಳಿದರೆ ಬೈಗುಳ. 'ಯಾ, ರೈಟ್' ಎಂದು ರಾಗ ಇಳಿಸಿ ಎಳೆದರೆ 'ಹೂಂ, ನಂಬಿದೆ ಬಿಡು'. 'ಐ ಕುಡ್ ಕೇರ್ ಲೆಸ್' ಎಂಬುದು ಪದಗಳ ಅರ್ಥದ ಪ್ರಕಾರ ತಲೆಕೆಳಗಾಗಿದೆ, ಆದರೂ ಅಮೆರಿಕದಲ್ಲಿ ಅದರ ಅರ್ಥ 'ನನಗೇನಾಗಬೇಕು' ಎಂದೇ.

ಎರಡನೇ ತೊಡಕು ಕ್ರಿಯಾಪದಕ್ಕೆ ಅಂಟುವ ಬಾಲ. ನಮ್ಮಲ್ಲಿ ಕೈಕೊಟ್ಟ, ಕೈಬಿಟ್ಟ, ಕೈಹಾಕಿದ, ಕೈತೊಳೆದುಕೊಂಡ ಎಂಬ ನಾಲ್ಕಕ್ಕೂ ನಾಲ್ಕು ಅರ್ಥ. 'ಕೈ' ಗೊತ್ತು, 'ಕೊಡು' ಗೊತ್ತು ಎಂದ ಮಾತ್ರಕ್ಕೆ 'ಕೈಕೊಟ್ಟ' ತಿಳಿಯುವುದಿಲ್ಲ. ಹಾಗೆಯೇ 'ಮೇಕ್ ಅಪ್' ಎಂದರೆ ಜಗಳವಾದ ಮೇಲೆ ರಾಜಿಯಾಗುವುದು, ಇಲ್ಲವೇ ಕಥೆ ಕಟ್ಟುವುದು. 'ಮೇಕ್ ಇಟ್' ಎಂದರೆ ಹೇಳಿದ ಹೊತ್ತಿಗೆ ಬಂದು ಮುಟ್ಟುವುದು, 'ಮೇಕ್ ಡು' ಎಂದರೆ ಇದ್ದುದರಲ್ಲಿ ಸುಧಾರಿಸುವುದು. 'ಮೇಕ್ ಔಟ್' ಪುಸ್ತಕದಲ್ಲಿ ಗುರುತು ಹಿಡಿಯುವುದು, ಅಮೆರಿಕದ ಸೀರಿಯಲ್‌ನಲ್ಲಿ ಬಹುತೇಕ ಗಾಢವಾಗಿ ಮುತ್ತಿಡುವುದು. 'ಶಿ ಸ್ಟುಡ್ ಮಿ ಅಪ್' ಎಂದರೆ ಬರುತ್ತೇನೆಂದು ಹೇಳಿ ಕೈಕೊಟ್ಟಳು, ಎದ್ದು ನಿಲ್ಲಿಸಿದಳು ಎಂದಲ್ಲ. ಗೆಟ್, ಗೋ, ಕಮ್, ಮೇಕ್, ಟೇಕ್, ಪುಟ್, ಟರ್ನ್, ಬ್ರೇಕ್, ಹ್ಯಾಂಗ್, ಕಾಲ್ ಎಂಬ ಹತ್ತು ಕ್ರಿಯಾಪದಗಳಿಗೆ ಒಂದೊಂದು ಪುಟ ಇಟ್ಟು, ಸಿಕ್ಕಿದಾಗಲೆಲ್ಲ ಪೂರ್ತಿ ಸಾಲನ್ನು ಅಲ್ಲಿ ಸೇರಿಸುತ್ತ ಹೋಗಿ. ವಾರಕ್ಕೆ ಹತ್ತು ಸಾಲು ಸಾಕು. ಮರುದಿನ, ಮೂರನೇ ದಿನ, ವಾರದ ಮೇಲೆ, ಮೂರು ವಾರದ ಮೇಲೆ ತಿರುವಿ ಹಾಕಿ.

ಹುಡುಕುವಾಗ ಒಂಟಿ ಪದವನ್ನಲ್ಲ, ಪೂರ್ತಿ ನುಡಿಗಟ್ಟನ್ನು ಮೆರಿಯಮ್-ವೆಬ್‌ಸ್ಟರ್ ಅಥವಾ ಕೇಂಬ್ರಿಜ್ ನಿಘಂಟಿನ ಜಾಲತಾಣದಲ್ಲಿ ಟೈಪ್ ಮಾಡಿ. ಅರ್ಥಕ್ಕಿಂತ ಮುಂಚೆ ಪಕ್ಕದಲ್ಲಿರುವ ಇನ್‌ಫಾರ್ಮಲ್, ಸ್ಲ್ಯಾಂಗ್, ಅಫೆನ್ಸಿವ್ ಎಂಬ ಗುರುತು ನೋಡಿ. 1999ರಲ್ಲಿ ಶುರುವಾದ ಅರ್ಬನ್ ಡಿಕ್ಷನರಿಯಲ್ಲಿ ಯಾರು ಬೇಕಾದರೂ ಅರ್ಥ ಬರೆಯಬಹುದು, ಕುಚೋದ್ಯವೂ ಬೇಕಾದಷ್ಟಿದೆ. ತೀರಾ ಹೊಸ ಪದ ಬೇರೆಲ್ಲೂ ಸಿಗದಿದ್ದರೆ ಮಾತ್ರ ಅಲ್ಲಿಗೆ ಹೋಗಿ. ಯೂಗ್ಲಿಶ್ ತಾಣದಲ್ಲಿ ಅದೇ ನುಡಿಗಟ್ಟನ್ನು ಬೇರೆ ಬೇರೆ ಜನ ಹೇಳುವ ವಿಡಿಯೊ ತುಣುಕುಗಳು ಸಿಗುತ್ತವೆ. ಐದಾರು ಕೇಳಿದರೆ ಅದರ ರಾಗವೂ ಹತ್ತುತ್ತದೆ.

ಪ್ರಶ್ನೆ: ಆಟವನ್ನೇ ಆಡದ ದೃಶ್ಯದಲ್ಲೂ ಬೇಸ್‌ಬಾಲ್ ಮಾತು, ಮನೆಯ ಜಗಳದಲ್ಲೂ ಕೋರ್ಟಿನ ಮಾತು. ಅದನ್ನೂ ಕಲಿಯಬೇಕೆ? (ಬೆಂಗಳೂರಿನ ಓದುಗರು)

ಉತ್ತರ: ಖಂಡಿತ ಕಲಿಯಬೇಕು, ಒಂದು ಮಧ್ಯಾಹ್ನದ ಕೆಲಸ. ನಮ್ಮಲ್ಲಿ ಟೊಮೆಟೊ ಬೆಲೆ ಸೆಂಚುರಿ ಬಾರಿಸುತ್ತದೆ, ಮಂತ್ರಿಗಳಿಗೆ ಪತ್ರಕರ್ತರು ಗೂಗ್ಲಿ ಹಾಕುತ್ತಾರೆ. ಕ್ರಿಕೆಟ್ ತಿಳಿಯದ ಅಮೆರಿಕದವರಿಗೆ ಈ ಕನ್ನಡ ಎಷ್ಟು ಒಗಟೋ, ಅವರ ಮಾತು ನಮಗೆ ಅಷ್ಟೇ ಒಗಟು. 'ಕರ್ವ್‌ಬಾಲ್' ಎಂದರೆ ತಿರುಗಿ ಬರುವ ಚೆಂಡು, ಹೆಚ್ಚುಕಡಿಮೆ ನಮ್ಮ ಗೂಗ್ಲಿಯೇ: ನಿರೀಕ್ಷಿಸದ ತೊಂದರೆ. ಹೊಡೆಯಲು ಹೋಗಿ ತಪ್ಪಿದ ಚೆಂಡು ಒಂದು ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಆದ್ದರಿಂದ 'ಸ್ಟ್ರೈಕ್ ಔಟ್' ಎಂದರೆ ಪ್ರಯತ್ನ ಕೈಗೂಡದಿರುವುದು, ಅದರಲ್ಲೂ ಹುಡುಗಿಯ ಒಪ್ಪಿಗೆ ಸಿಗದಿರುವುದು. 'ಬಾಲ್‌ಪಾರ್ಕ್ ಫಿಗರ್' ಎಂದರೆ ಅಂದಾಜು ಮೊತ್ತ. ಮಳೆಯಿಂದ ಪಂದ್ಯ ನಿಂತರೆ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿಯೇ 'ರೇನ್ ಚೆಕ್'. ಊಟಕ್ಕೆ ಕರೆದಾಗ ಹಾಗೆಂದರೆ 'ಇವತ್ತು ಬೇಡ, ಇನ್ನೊಮ್ಮೆ ಬರ್ತೀನಿ' ಎಂಬ ಸೌಜನ್ಯದ ನಿರಾಕರಣೆ.

ಕೋರ್ಟಿನ ಮಾತುಗಳಲ್ಲಿ ಎರಡು ತಪ್ಪದೇ ಬೇಕು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎನ್ನುವುದು ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ. ಹಾಗಾಗಿ 'ಕೇಕ್ ಯಾರು ತಿಂದಿದ್ದು' ಎಂದು ಹೆಂಡತಿ ಕೇಳಿದಾಗ ಗಂಡ 'ಐ ಪ್ಲೀಡ್ ದ ಫಿಫ್ತ್' ಎಂದರೆ, ತಿಂದದ್ದು ಅವನೇ. ಬಂಧಿಸುವಾಗ ಪೊಲೀಸರು ಗಡಗಡ ಒಪ್ಪಿಸುವ 'ಸುಮ್ಮನಿರುವ ಹಕ್ಕು ನಿನಗಿದೆ' ಎಂಬ ಮಾತಿಗೆ ಮಿರಾಂಡಾ ಎಂಬ ಹೆಸರು ಬಂದದ್ದು 1966ರ ಸುಪ್ರೀಂ ಕೋರ್ಟ್ ತೀರ್ಪಿನಿಂದ.

ಪ್ರಶ್ನೆ: ಮಗ ಮಾತೆತ್ತಿದರೆ 'ರಿಜ್', 'ನೋ ಕ್ಯಾಪ್', 'ಫ್ರೀಕಿಂಗ್' ಎನ್ನುತ್ತಾನೆ. ಇವು ಕೆಟ್ಟ ಮಾತುಗಳೇ? (ಮಂಗಳೂರಿನ ತಾಯಿ)

ಉತ್ತರ: ಮೊದಲೆರಡು ಅಲ್ಲ. 'ರಿಜ್' ಎಂದರೆ ಸೆಳೆಯುವ ಗುಣ, 2023ರಲ್ಲಿ ಆಕ್ಸ್‌ಫರ್ಡ್ ಅದನ್ನು ವರ್ಷದ ಪದವಾಗಿ ಆರಿಸಿತು. 'ನೋ ಕ್ಯಾಪ್' ಎಂದರೆ 'ಸುಳ್ಳಲ್ಲ'. 'ಫ್ರೀಕಿಂಗ್' ಮಾತ್ರ ಒಂದು ಬೈಗುಳದ ಮುಸುಕು. 'ಹೆಕ್', 'ಡಾರ್ನ್', 'ಶೂಟ್' ಕೂಡ ಹಾಗೆ ಬೈಗುಳದ ಜಾಗಕ್ಕೆ ಬಂದ ಸಭ್ಯ ರೂಪಗಳು. ಗೆಳೆಯರ ನಡುವೆ ನಡೆಯುತ್ತದೆ, ಟೀಚರ್ ಎದುರು, ಸಂದರ್ಶನದಲ್ಲಿ ಬೇಡ ಎಂದು ತಿಳಿಸಿದರೆ ಸಾಕು. ಯುವಕರ ಸ್ಲ್ಯಾಂಗ್‌ನಲ್ಲಿ ಬಹಳಷ್ಟು ಆಫ್ರಿಕನ್ ಅಮೆರಿಕನ್ನರ ಮಾತಿನಿಂದ ಬಂದದ್ದು. ಅವರ ಉಚ್ಚಾರಣೆಯನ್ನು ಅಣಕಿಸಿದಂತೆ ಹೇಳಿದರೆ ಅವಮಾನವಾಗುತ್ತದೆ, ಇದನ್ನೂ ಹೇಳಿಕೊಡಿ.

ಪ್ರಶ್ನೆ: ಮುಂದಿನ ತಿಂಗಳು ಅಮೆರಿಕಕ್ಕೆ ಮಗಳ ಮನೆಗೆ ಹೊರಟಿದ್ದೇನೆ. ಸೀರಿಯಲ್ ನೋಡಿ ಕಲಿತದ್ದು ಅಲ್ಲಿ ನಡೆಯುತ್ತದೆಯೇ? (ಶಿವಮೊಗ್ಗದ ನಿವೃತ್ತ ಶಿಕ್ಷಕಿ)

ಉತ್ತರ: ಮೇಡಂ, ನೀವು ಹೊಸ ಸ್ಲ್ಯಾಂಗ್ ಆಡುವ ಅಗತ್ಯವಿಲ್ಲ, ತಿಳಿದರೆ ಸಾಕು. ನಮ್ಮ ಇಂಗ್ಲಿಷಿನ ಕೆಲವು ಪದಗಳನ್ನು ಮಾತ್ರ ಇಲ್ಲೇ ಬಿಟ್ಟು ಹೋಗಿ. ಮೊಮ್ಮಗುವಿಗೆ ಬರೆದದ್ದು ಅಳಿಸಲು 'ರಬ್ಬರ್' ಕೇಳಬೇಡಿ, ಅಲ್ಲಿ ಅದು ಕಾಂಡೋಮ್; 'ಇರೇಸರ್' ಎನ್ನಿ. 'ಮಗಳು 2010ರಲ್ಲಿ ಪಾಸ್ ಔಟ್ ಆದಳು' ಎಂದರೆ ಪ್ರಜ್ಞೆ ತಪ್ಪಿದಳು ಎಂದಾಗುತ್ತದೆ, 'ಗ್ರಾಜುಯೇಟ್' ಎನ್ನಬೇಕು. ಲಿಫ್ಟಿಗೆ 'ಎಲಿವೇಟರ್', ನೆಲಮಹಡಿಗೆ ಸಾಮಾನ್ಯವಾಗಿ 'ಫಸ್ಟ್ ಫ್ಲೋರ್'. ಹೋಟೆಲಿನಲ್ಲಿ ಬಿಲ್ಲಿಗೆ 'ಚೆಕ್', ಮೆನುವಿನಲ್ಲಿ 'ಆಂಟ್ರೇ' ಎಂದಿದ್ದರೆ ಅದು ಮುಖ್ಯ ಊಟ.

ಅಂಗಡಿಯವರು 'ಹೌಜ್ ಇಟ್ ಗೋಯಿಂಗ್?' ಎಂದಾಗ ನಿಂತು ಆರೋಗ್ಯ ವಿವರಿಸಬೇಕಿಲ್ಲ. 'ಗುಡ್, ಹೌ ಆರ್ ಯು?' ಎಂದು ನಗುತ್ತ ಮುಂದುವರಿಯಿರಿ. 'ಯು ಆಲ್ ಸೆಟ್?' ಎಂದರೆ ಇನ್ನೇನಾದರೂ ಬೇಕೇ ಅಥವಾ ಎಲ್ಲ ಆಯಿತೇ ಎಂದು. ಇನ್ನು, ಮನೆಗೆ ಬಂದವರಿಗೆ ನೀವು ಇನ್ನೊಂದು ಲೋಟ ಕಾಫಿ ತಂದಾಗ 'ಐ ಆಮ್ ಗುಡ್' ಎಂದರೆ ಅವರು ಕಾಫಿ ಬೇಡ ಎನ್ನುತ್ತಿದ್ದಾರೆ. ನಮ್ಮಂತೆ ಮೂರು ಸಲ ಬಲವಂತ ಮಾಡಿಸಿಕೊಳ್ಳುವ ವಾಡಿಕೆ ಅಲ್ಲಿಲ್ಲ. ನಿಮಗೆ ನಿಜವಾಗಿ ಬೇಕಿದ್ದರೆ ಮೊದಲ ಸಲ ಕೇಳಿದಾಗಲೇ 'ಯೆಸ್, ಪ್ಲೀಸ್' ಎಂದುಬಿಡಿ. ಎರಡನೇ ಸಲ ಕೇಳುತ್ತಾರೆಂಬ ಖಾತ್ರಿಯಿಲ್ಲ.