ಮಂಡಿ ಸವೆದಿದ್ದರೆ ನಡೆಯಬಾರದೇ?

ಪ್ರಶ್ನೆ: ನನಗೆ 63 ವರ್ಷ. ನಾಲ್ಕು ವರ್ಷಗಳಿಂದ ಎರಡೂ ಮಂಡಿಗಳಲ್ಲಿ ನೋವಿದೆ, ಬಲಗಡೆ ತುಸು ಹೆಚ್ಚು. ಬೆಳಿಗ್ಗೆ ಎದ್ದಾಗ ಕಾಲು ಹಿಡಿದುಕೊಂಡಂತಿದ್ದು, ಹತ್ತು ಹದಿನೈದು ನಿಮಿಷ ಓಡಾಡಿದ ಮೇಲೆ ಸಡಿಲವಾಗುತ್ತದೆ. ಎಕ್ಸ್‌ರೇ ನೋಡಿದ ವೈದ್ಯರು ಮಂಡಿ ಸವೆದಿದೆ ಎಂದರು. ನಡೆದರೆ ಇನ್ನಷ್ಟು ಸವೆದೀತೆಂಬ ಭಯದಿಂದ ಸಂಜೆ ದೇವಸ್ಥಾನಕ್ಕೆ ನಡೆದು ಹೋಗುವುದನ್ನೂ ಬಿಟ್ಟಿದ್ದೇನೆ. ಆದರೂ ನೋವು ಹೆಚ್ಚುತ್ತಲೇ ಇದೆ. ರಕ್ತದೊತ್ತಡಕ್ಕೆ ಔಷಧ ನಡೆಯುತ್ತಿದೆ. ನೋವಿಗೆ ಅಂಗಡಿಯಿಂದ ತಂದ ಮಾತ್ರೆಯನ್ನು ದಿನವೂ ನುಂಗುತ್ತೇನೆ. ದಿನ ಕಳೆಯುವುದು ಹೇಗೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಂಜೆಯ ನಡಿಗೆಯನ್ನು ದಯವಿಟ್ಟು ಮತ್ತೆ ಆರಂಭಿಸಿ. ಸವೆತವೆಂಬ ಮಾತು ಕಿವಿಗೆ ಬಿದ್ದೊಡನೆ, ಚಪ್ಪಲಿಯ ಅಟ್ಟೆಯಂತೆ ಮಂಡಿಯೂ ನಡೆದಷ್ಟೂ ತೆಳುವಾಗುತ್ತದೆಂದು ಹೆದರುವುದು ಸಹಜವೇ. ಆದರೆ ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ಜೀವವಿದೆ. ರಕ್ತನಾಳಗಳಿಲ್ಲದ ಅದು ಕೀಲಿನೊಳಗಿನ ದ್ರವದಿಂದ ಪೋಷಣೆ ಪಡೆಯುತ್ತದೆ, ಕಾಲನ್ನು ಮಡಚಿ ಚಾಚುತ್ತಿದ್ದರೆ ಆ ದ್ರವದ ಸಂಚಾರವೂ ಚೆನ್ನಾಗಿರುತ್ತದೆ. ನಡಿಗೆ ನಿಂತಾಗ ತೊಡೆಯ ಮುಂಭಾಗದ ಸ್ನಾಯು ಸೊರಗಿ, ಅದು ತಡೆದುಕೊಳ್ಳಬೇಕಾದ ಭಾರವೂ ಕೀಲಿನ ಮೇಲೆಯೇ ಬೀಳುತ್ತದೆ. ವಿಶ್ರಾಂತಿಯಲ್ಲಿದ್ದರೂ ನಿಮ್ಮ ನೋವು ಏರಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಮೊದಲು ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷ ಸಾಕು. ಇದರೊಂದಿಗೆ ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ನಿಧಾನವಾಗಿ ಇಳಿಸಿ. ಪ್ರತಿ ಕಾಲಿಗೂ ಹತ್ತು ಸಲದಂತೆ ಎರಡು ಹೊತ್ತು ಮಾಡಿ. ಆಗ ತುಸು ನೋವಾದರೆ ಅಂಜಬೇಕಿಲ್ಲ. ಮರುದಿನ ಬೆಳಗಿನ ಹೊತ್ತಿಗೆ ಅದು ಎಂದಿನ ಮಟ್ಟಕ್ಕೆ ಇಳಿಯದಿದ್ದರೆ ಮಾತ್ರ ಪ್ರಮಾಣವನ್ನು ಕಡಿಮೆ ಮಾಡಿ. ಸ್ನಾಯು ಬಲಗೊಳ್ಳಲು ಆರರಿಂದ ಎಂಟು ವಾರ ಬೇಕಾಗುವುದರಿಂದ, ಎರಡನೆಯ ವಾರಕ್ಕೇ ನಿರಾಶರಾಗಬೇಡಿ.

ಮಂಡಿಯನ್ನು ಪೂರ್ತಿ ಮಡಚುವ ಕೆಲಸಗಳು ಬೇರೆಯೇ ಮಾತು. ಈಳಿಗೆಮಣೆಯ ಮುಂದೆ ಕೂರುವುದು, ಕುಕ್ಕರಗಾಲಿನಲ್ಲಿ ಬಟ್ಟೆ ಒಗೆಯುವುದು, ನೆಲಮಟ್ಟದ ಶೌಚಾಲಯ ಇವೆಲ್ಲ ಮಂಡಿಚಿಪ್ಪಿನ ಹಿಂದೆ ಬಹಳ ಒತ್ತಡ ತರುತ್ತವೆ. ತರಕಾರಿ ಹೆಚ್ಚುವುದನ್ನು ಮೇಜಿಗೆ ಏರಿಸಿ. ಕಮೋಡ್ ಹಾಕಿಸಲಾಗದಿದ್ದರೆ ನಡುವೆ ತೂತಿರುವ ಶೌಚದ ಕುರ್ಚಿಯೂ ಆದೀತು. ಮೆಟ್ಟಿಲು ಹತ್ತುವಾಗ ನೋವು ಕಡಿಮೆಯಿರುವ ಎಡಗಾಲು, ಇಳಿಯುವಾಗ ಬಲಗಾಲು ಮುಂದಿರಲಿ. ಊರುಗೋಲು ಎಡಗೈಯಲ್ಲಿರಬೇಕು, ಅಂದರೆ ಹೆಚ್ಚು ನೋಯುವ ಕಾಲಿನ ಎದುರು ಬದಿಯಲ್ಲಿ. ಮಳೆಗಾಲದಲ್ಲಿ ಪಾಚಿಗಟ್ಟುವ ನಿಮ್ಮ ಕಡೆಯ ಅಂಗಳಗಳಲ್ಲಿ ಅದನ್ನು ಹಿಡಿಯಲು ಸಂಕೋಚ ಪಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಆ ದಿನನಿತ್ಯದ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತದೊತ್ತಡವನ್ನು ಏರಿಸಬಲ್ಲವು, ಜಠರದಲ್ಲಿ ಹುಣ್ಣು ಮಾಡಬಲ್ಲವು, ಕೆಲವು ರಕ್ತದೊತ್ತಡದ ಔಷಧಗಳ ಜೊತೆ ಸೇರಿದಾಗ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಎರಡೂ ಮಾತ್ರೆಗಳ ಪಟ್ಟಿಯನ್ನು ಈ ವಾರವೇ ನಿಮ್ಮ ವೈದ್ಯರಿಗೆ ತೋರಿಸಿ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅನೇಕರಿಗೆ ಮಾತ್ರೆಯಷ್ಟೇ ಉಪಶಮನ ಕೊಡುತ್ತದೆ, ರಕ್ತಕ್ಕೆ ಸೇರುವ ಅಂಶವೂ ಬಹಳ ಕಡಿಮೆ. ಅದು ನಿಮಗೆ ಹೊಂದುತ್ತದೆಯೇ ಎಂದು ಅವರನ್ನೇ ಕೇಳಿ.

ಶಸ್ತ್ರಚಿಕಿತ್ಸೆಯನ್ನು ಎಕ್ಸ್‌ರೇ ಒಂದನ್ನೇ ನೋಡಿ ನಿರ್ಧರಿಸುವುದಿಲ್ಲ. ಈ ಕ್ರಮಗಳನ್ನು ಕೆಲವು ತಿಂಗಳು ಅನುಸರಿಸಿದ ಮೇಲೂ ನೋವು ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ ಮೂಳೆತಜ್ಞರೊಂದಿಗೆ ಆ ಕುರಿತು ಮಾತನಾಡಿ. ಮಂಡಿ ಬಿಸಿಯಾಗಿ ಕೆಂಪೇರಿ ಊದಿಕೊಂಡರೆ, ಜ್ವರ ಬಂದರೆ ಅಥವಾ ಕಾಲೂರಲು ಆಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.